ನ್ಯೂರೋಬ್ಲಾಸ್ಟೋಮಾ: ಒಂದು ರಿಪೋರ್ಟನ್ನು ಓದುವ ಪ್ರಯತ್ನ

ಕಳೆದ ಸೆಮಿಸ್ಟರಿನಲ್ಲಿ ಇಂಟರ್ನಲ್ಸ್ ಮುಗಿದ ವಾರ ನಮ್ಮ ಸಂಘದ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬಂತು. "ಎರಡೂವರೆ ವರ್ಷದ ಮಗುವಿಗೆ ಪ್ಲೇಟ್ಲೆಟ್ ಬೇಕು, ಎ ಪಾಸಿಟಿವ್, ಇವತ್ತೇ." ಇಂಥ ಮೆಸೇಜುಗಳು ದಿನಾ ಬರುತ್ತವೆ. ಕೈಮುಗಿಯುವ ಇಮೋಜಿ ಹಾಕಿ, ಇನ್ನೊಂದು ಗ್ರೂಪಿಗೆ ಕಳಿಸಿ ಸುಮ್ಮನಾಗುವುದು ನಮಗೂ ರೂಢಿ. ಆದರೆ ಈ ಸಲ ಕೆಳಗಿದ್ದ ಫೋನ್ ನಂಬರು ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ರೊಟ್ಟಿ ಬಡಿಯುವ ಅಣ್ಣನದಾಗಿತ್ತು. ಮಗು ಅವರ ಮಗಳು.

ಆರು ಜನ ಹೋದೆವು. ಇಬ್ಬರನ್ನು ತೂಕ ಕಡಿಮೆ ಅಂತ ವಾಪಸ್ ಕಳಿಸಿದರು. ಉಳಿದವರ ಸರದಿ ಬರುವವರೆಗೆ ಕಾರಿಡಾರಿನಲ್ಲಿ ಕೂತಿದ್ದಾಗ ಅಣ್ಣ ಪ್ಲಾಸ್ಟಿಕ್ ಕವರಿನಿಂದ ಒಂದು ಫೈಲ್ ತೆಗೆದು ನಮ್ಮ ಕೈಗೆ ಕೊಟ್ಟರು. "ನೀವು ಇಂಜಿನಿಯರಿಂಗ್ ಓದಾವ್ರು ಅದೀರಿ. ಇದ್ರಾಗ ಏನ್ ಬರದಾರ, ಸ್ವಲ್ಪ ಓದಿ ಹೇಳ್ರಿ ತಮ್ಮಾ. ಎಷ್ಟನೇ ಸ್ಟೇಜ್ ಅಂತ ಕೇಳಿದ್ರ ನಂಬರ್ ಇಲ್ರಿ, 'ಎಂ' ಅಂತ ಬರದಾರ."

ರಿಪೋರ್ಟಿನ ಕೊನೆಯ ನಾಲ್ಕು ಸಾಲು ಹೀಗಿದ್ದವು: ನ್ಯೂರೋಬ್ಲಾಸ್ಟೋಮಾ, ಪೂರ್ಲಿ ಡಿಫರೆನ್ಶಿಯೇಟೆಡ್. ಐಎನ್‌ಆರ್‌ಜಿ ಸ್ಟೇಜ್ ಎಂ. ಎಂವೈಸಿಎನ್ ಆಂಪ್ಲಿಫೈಡ್. ಹೈ ರಿಸ್ಕ್.

ನಿಜ ಹೇಳಬೇಕೆಂದರೆ ನಮಗೆ ಕೊನೆಯ ಎರಡು ಪದ ಬಿಟ್ಟು ಏನೂ ಅರ್ಥವಾಗಲಿಲ್ಲ. ಅವತ್ತು ಹಾರಿಕೆಯ ಉತ್ತರ ಕೊಟ್ಟು ಬಂದೆವು. ಆಮೇಲೆ ನಾಚಿಕೆಯಾಗಿ ಓದಲು ಕೂತೆವು, ಗೊತ್ತಿರುವ ವೈದ್ಯರನ್ನು ಕೇಳಿದೆವು. ಹಾಗೆ ತಿಳಿದುಕೊಂಡದ್ದನ್ನು ಅಣ್ಣನ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇವೆ. ನಾವು ವೈದ್ಯರಲ್ಲ, ಯಾವುದೇ ಒಂದು ಮಗುವಿನ ಬಗ್ಗೆ ತೀರ್ಮಾನ ಹೇಳಬೇಕಾದವರು ಆ ಮಗುವನ್ನು ನೋಡುತ್ತಿರುವ ವೈದ್ಯರೇ. ಆದರೆ ಕೈಗೆ ಬಂದ ಕಾಗದವನ್ನು ಓದಿ ಅರ್ಥ ಮಾಡಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ, ಅಲ್ವಾ?

ಇದು ಮೆದುಳಿನ ಕ್ಯಾನ್ಸರ್ ಅಲ್ಲ

ಹೆಸರಿನಲ್ಲಿ 'ನ್ಯೂರೋ' ಇರುವುದರಿಂದ ಮೊದಲು ತಲೆಗೆ ಬರುವುದು ಮೆದುಳು. ಆದರೆ ಈ ಕಾಯಿಲೆ ಹುಟ್ಟುವುದು ಮೆದುಳಿನ ಹೊರಗಿರುವ ಸಿಂಪಥೆಟಿಕ್ ನರಮಂಡಲದಲ್ಲಿ. ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಡವಡವ ಅನ್ನುವುದು, ವೈವಾದಲ್ಲಿ ಅಂಗೈ ಬೆವರುವುದು, ಇವೆಲ್ಲ ಅದರದ್ದೇ ಕೆಲಸ. ಬೆನ್ನುಮೂಳೆಯ ಎರಡೂ ಬದಿಗೆ ಕುತ್ತಿಗೆಯಿಂದ ಸೊಂಟದ ಕೆಳಗಿನವರೆಗೆ ಇದರ ನರಗಂಟುಗಳ ಸಾಲೇ ಇದೆ. ಕಿಡ್ನಿಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಯ ಒಳಭಾಗವೂ ಇದೇ ಕುಟುಂಬಕ್ಕೆ ಸೇರಿದ್ದು.

ಮಗು ತಾಯಿಯ ಹೊಟ್ಟೆಯಲ್ಲಿ ಇನ್ನೂ ಭ್ರೂಣವಾಗಿದ್ದಾಗ 'ನ್ಯೂರಲ್ ಕ್ರೆಸ್ಟ್' ಎಂಬ ಜಾಗದಿಂದ ಕೆಲವು ಜೀವಕೋಶಗಳು ಹೊರಟು, ತಮ್ಮ ತಮ್ಮ ಜಾಗ ಸೇರಿ, ಈ ನರಕೋಶಗಳಾಗಿ ಬಲಿಯುತ್ತವೆ. ಕೆಲವು ಕೋಶಗಳು ಬಲಿಯುವುದನ್ನು ಮರೆತು ಬರೀ ವಿಭಜನೆಯಾಗುತ್ತಾ ಹೋದರೆ ಗಡ್ಡೆಯಾಗುತ್ತದೆ. ಕೋಶ ತನ್ನ ಕೆಲಸಕ್ಕೆ ತಕ್ಕಂತೆ ಬಲಿಯುವುದಕ್ಕೆ ಡಿಫರೆನ್ಶಿಯೇಶನ್ ಅನ್ನುತ್ತಾರೆ. ರಿಪೋರ್ಟಿನ 'ಪೂರ್ಲಿ ಡಿಫರೆನ್ಶಿಯೇಟೆಡ್' ಎಂದರೆ ಹೆಚ್ಚಿನ ಕೋಶಗಳು ಎಳೆಯವಾಗಿಯೇ ಉಳಿದಿವೆ ಎಂದರ್ಥ. ಈ ಮಾತು ನೆನಪಿರಲಿ, ಚಿಕಿತ್ಸೆಯ ಕೊನೆಯಲ್ಲಿ ಮತ್ತೆ ಬರುತ್ತದೆ.

ಮೆದುಳಿನ ಗಡ್ಡೆಗಳನ್ನು ಬಿಟ್ಟರೆ ಮಕ್ಕಳಲ್ಲಿ ಗಡ್ಡೆಯಾಗಿ ಬರುವ ಕ್ಯಾನ್ಸರುಗಳಲ್ಲಿ ಇದೇ ಮೊದಲನೆಯದು. ಒಂದು ವರ್ಷದೊಳಗಿನ ಕೂಸುಗಳಲ್ಲಂತೂ ಅತಿ ಸಾಮಾನ್ಯವಾದ ಕ್ಯಾನ್ಸರ್ ಇದು. ಹೆಚ್ಚಿನ ಮಕ್ಕಳಲ್ಲಿ ಐದು ವರ್ಷ ತುಂಬುವ ಮೊದಲೇ ಪತ್ತೆಯಾಗುತ್ತದೆ.

ಅಣ್ಣನ ಹೆಂಡತಿ ಅವತ್ತು ಕೇಳಿದ ಒಂದೇ ಪ್ರಶ್ನೆ: "ಬಸರಿದ್ದಾಗ ನಾ ಏನರ ತಿಂದದ್ದಕ್ಕ ಹಿಂಗ ಆತೇನ್ರಿ?" ಇಲ್ಲ. ತಾಯಿ ತಿಂದ ಊಟ, ನೋಡಿದ ಗ್ರಹಣ, ಯಾರದೋ ದೃಷ್ಟಿ ಯಾವುದೂ ಇದಕ್ಕೆ ಕಾರಣವಲ್ಲ. ವಂಶಪಾರಂಪರ್ಯವಾಗಿ ಬರುವುದು ನೂರರಲ್ಲಿ ಒಂದೆರಡು ಮಕ್ಕಳಿಗೆ ಮಾತ್ರ. ಉಳಿದವರಲ್ಲಿ ಇದು ಕೋಶ ವಿಭಜನೆಯಲ್ಲಿ ಆದ ಎಡವಟ್ಟು. ಅದರಲ್ಲಿ ಯಾರ ತಪ್ಪೂ ಇಲ್ಲ.

ಪತ್ತೆ ಯಾಕೆ ತಡವಾಗುತ್ತದೆ?

ಈ ಮಗುವಿಗೆ ಮೊದಲು ಬಂದದ್ದು ಕಾಲುನೋವು. ಓಡಾಡುತ್ತಿದ್ದ ಮಗು ಎತ್ತಿಕೋ ಎಂದು ಅಳತೊಡಗಿತು. ಬೆಳೆಯುವ ಮಕ್ಕಳಿಗೆ ಹೀಗಾಗುತ್ತೆ ಅಂತ ನೋವಿನ ಔಷಧಿ ಸಿಕ್ಕಿತು. ಆಮೇಲೆ ಜ್ವರ, ಬಿಳಿಚಿಕೊಂಡ ಮುಖ. ರಕ್ತ ಕಡಿಮೆ ಅಂತ ಕಬ್ಬಿಣಾಂಶದ ಟಾನಿಕ್ ಸಿಕ್ಕಿತು. ಕೊನೆಗೆ ಎರಡೂ ಕಣ್ಣಿನ ಸುತ್ತ ಪೆಟ್ಟು ಬಿದ್ದಂತೆ ಕಪ್ಪಾಯಿತು. ಎಲ್ಲೋ ಬಿದ್ದಿರಬೇಕು ಅಂದರು ಮನೆಯವರು. ಇದಕ್ಕೆಲ್ಲ ಎರಡು ತಿಂಗಳು ಹಿಡಿಯಿತು.

ಇದರಲ್ಲಿ ಯಾರನ್ನಾದರೂ ದೂರುವುದು ಸುಲಭ. ಆದರೆ ಕಾಲುನೋವು, ಜ್ವರ, ರಕ್ತಹೀನತೆ ಇರುವ ಸಾವಿರಾರು ಮಕ್ಕಳಲ್ಲಿ ಈ ಕಾಯಿಲೆ ಇರುವುದು ಎಲ್ಲೋ ಒಬ್ಬರಿಗೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ನಾಯ್ಸ್ ಜಾಸ್ತಿ, ಸಿಗ್ನಲ್ ಕಡಿಮೆ. ಹಾಗಾಗಿ ಒಂದೊಂದೇ ಲಕ್ಷಣಕ್ಕಿಂತ ಅವು ಜೊತೆಯಾಗಿ ಬರುವುದನ್ನು ಗಮನಿಸಬೇಕು. ಹೊಟ್ಟೆಯಲ್ಲಿ ಕೈಗೆ ಸಿಗುವ ಗಟ್ಟಿ ಗಡ್ಡೆ. ವಾರಗಟ್ಟಲೆ ಬಿಡದ ಮೂಳೆನೋವು, ಕುಂಟುವುದು. ಬೀಳದಿದ್ದರೂ ಕಣ್ಣಿನ ಸುತ್ತ ಕಪ್ಪಾಗುವುದು ಅಥವಾ ಕಣ್ಣುಗುಡ್ಡೆ ಮುಂದೆ ಬರುವುದು. ಒಂದು ರೆಪ್ಪೆ ಜೋತುಬಿದ್ದು ಆ ಕಣ್ಣಿನ ಪಾಪೆ ಚಿಕ್ಕದಾಗುವುದು. ಕಣ್ಣುಗಳು ದಿಕ್ಕಿಲ್ಲದೆ ಸರಸರ ಕುಣಿದು ಮೈ ಅದುರುವುದು. ಇವು ಕಂಡರೆ ಮಕ್ಕಳ ತಜ್ಞರಿಗೆ ತೋರಿಸಲು ತಡಮಾಡಬಾರದು. ಕಾಲಿನ ಶಕ್ತಿ ಇದ್ದಕ್ಕಿದ್ದಂತೆ ಹೋದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದು ಅವತ್ತೇ ಓಡಬೇಕಾದ ತುರ್ತು. ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು.

ಪರೀಕ್ಷೆಗಳು: ಒಂದೇ ಅಳತೆಯನ್ನು ನಂಬುವುದಿಲ್ಲ

ಮೊದಲು ಸಾಮಾನ್ಯವಾಗಿ ಹೊಟ್ಟೆಯ ಅಲ್ಟ್ರಾಸೌಂಡ್, ನಂತರ ಸಿಟಿ ಅಥವಾ ಎಂಆರ್‌ಐ. ಗಡ್ಡೆ ಎಲ್ಲಿದೆ, ಎಷ್ಟಿದೆ, ದೊಡ್ಡ ರಕ್ತನಾಳಗಳನ್ನು ಸುತ್ತಿಕೊಂಡಿದೆಯೇ ಎಂಬುದು ಇದರಲ್ಲಿ ಗೊತ್ತಾಗುತ್ತದೆ.

ಎರಡನೆಯದು ಮೂತ್ರ ಪರೀಕ್ಷೆ. ಈ ಕೋಶಗಳು ಅಡ್ರಿನಲಿನ್ ಜಾತಿಯ ರಾಸಾಯನಿಕಗಳನ್ನು ತಯಾರಿಸುತ್ತವೆ. ಅವು ಒಡೆದು ಉಳಿಯುವ ವಿಎಂಎ ಮತ್ತು ಎಚ್‌ವಿಎ ಎಂಬ ಪದಾರ್ಥಗಳು ಮೂತ್ರದಲ್ಲಿ ಹೊರಹೋಗುತ್ತವೆ. ಫ್ಯಾಕ್ಟರಿ ಒಳಗೆ ಏನು ನಡೀತಿದೆ ಅಂತ ಚರಂಡಿಯ ನೀರು ನೋಡಿ ಹೇಳಿದ ಹಾಗೆ. ಸುಮಾರು 90 ಶೇಕಡಾ ಮಕ್ಕಳಲ್ಲಿ ಇವುಗಳ ಮಟ್ಟ ಏರಿರುತ್ತದೆ. ಮಗು ನೀರು ಹೆಚ್ಚು ಕುಡಿದಿದ್ದರೆ ಮೂತ್ರ ತೆಳುವಾಗಿ ಲೆಕ್ಕ ತಪ್ಪುತ್ತದಲ್ಲ, ಅದಕ್ಕೆ ಕ್ರಿಯಾಟಿನಿನ್ ಜೊತೆಗಿನ ಅನುಪಾತದಲ್ಲಿ ನೋಡುತ್ತಾರೆ.

ಮೂರನೆಯದು ಬಯಾಪ್ಸಿ. ಸೂಕ್ಷ್ಮದರ್ಶಕದಲ್ಲಿ ಚಿಕ್ಕ, ದುಂಡಗಿನ, ನೀಲಿ ಕೋಶಗಳು ಕಾಣುತ್ತವೆ. ಕೆಲವೊಮ್ಮೆ ಅವು ಹೂವಿನ ಎಸಳಿನ ಹಾಗೆ ವೃತ್ತಾಕಾರದಲ್ಲಿ ಕೂತಿರುತ್ತವೆ. ಈ ಕಾಯಿಲೆಗೆ 1910ರಲ್ಲಿ ಹೆಸರು ಕೊಟ್ಟ ಬಾಸ್ಟನ್ನಿನ ಜೇಮ್ಸ್ ಹೋಮರ್ ರೈಟ್ ಅವರ ನೆನಪಿಗೆ ಈ ವೃತ್ತಗಳನ್ನು ಹೋಮರ್ ರೈಟ್ ರೋಸೆಟ್ ಎನ್ನುತ್ತಾರೆ. ಇದರ ಜೊತೆಗೆ ಸೊಂಟದ ಮೂಳೆಯ ಎರಡೂ ಕಡೆಯಿಂದ ಮೂಳೆಮಜ್ಜೆ ತೆಗೆದು ನೋಡುತ್ತಾರೆ. ಒಂದೇ ಕಡೆ ನೋಡಿ 'ಇಲ್ಲ' ಅಂದರೆ ಇನ್ನೊಂದು ಕಡೆ ಇದ್ದದ್ದು ತಪ್ಪಿಹೋಗಬಹುದು. ಸ್ಯಾಂಪ್ಲಿಂಗ್ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾಲ್ಕನೆಯ ಪರೀಕ್ಷೆ ನಮಗೆ ತುಂಬಾ ಇಷ್ಟವಾದದ್ದು: ಎಂಐಬಿಜಿ ಸ್ಕ್ಯಾನ್. ಎಂಐಬಿಜಿ ಎಂಬ ಅಣು ನೋಡಲು ನಾರ್‌ಅಡ್ರಿನಲಿನ್ ಥರ ಇರುತ್ತದೆ. ಈ ಗಡ್ಡೆಯ ಕೋಶಗಳು ಮೋಸಹೋಗಿ ಅದನ್ನು ಒಳಗೆ ಎಳೆದುಕೊಳ್ಳುತ್ತವೆ. ಆ ಅಣುವಿಗೆ ವಿಕಿರಣ ಸೂಸುವ ಅಯೋಡಿನ್-123 ಅಂಟಿಸಿ ರಕ್ತಕ್ಕೆ ಬಿಟ್ಟರೆ, ಕಾಯಿಲೆ ಎಲ್ಲೆಲ್ಲಿ ಕೂತಿದೆಯೋ ಅಲ್ಲೆಲ್ಲ ಗಾಮಾ ಕ್ಯಾಮೆರಾದಲ್ಲಿ ಕಲೆಗಳು ಕಾಣುತ್ತವೆ. ಈ ಐಸೊಟೋಪಿನ ಅರ್ಧಾಯುಷ್ಯ ಸುಮಾರು 13 ಗಂಟೆ. ಅಯೋಡಿನ್ ಕಂಡರೆ ಥೈರಾಯ್ಡ್ ಗ್ರಂಥಿ ಬಿಡುವುದಿಲ್ಲ, ಹಾಗಾಗಿ ಮೊದಲೇ ಸಾಮಾನ್ಯ ಅಯೋಡಿನ್ ಕೊಟ್ಟು ಅದರ ಹೊಟ್ಟೆ ತುಂಬಿಸಿರುತ್ತಾರೆ. ಹತ್ತರಲ್ಲಿ ಒಂದು ಮಗುವಿನಲ್ಲಿ ಗಡ್ಡೆ ಎಂಐಬಿಜಿ ಹೀರುವುದಿಲ್ಲ. ಅಂಥವರಿಗೆ ಪೆಟ್ ಸ್ಕ್ಯಾನ್ ಇದೆ.

ಈ ಸ್ಕ್ಯಾನಿಗೆ ಮಾರ್ಕ್ಸ್ ಕೊಡುವ ಪದ್ಧತಿಯೂ ಇದೆ. ಅಸ್ಥಿಪಂಜರವನ್ನು 9 ಭಾಗ ಮಾಡಿ, ಮೂಳೆಯಲ್ಲದ ಗಡ್ಡೆಗಳನ್ನು 10ನೇ ಭಾಗ ಎಂದು ಹಿಡಿದು, ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ. ಒಟ್ಟು 30. ಇದರ ಹೆಸರು ಕ್ಯೂರಿ ಸ್ಕೋರ್. ಕಡಿಮೆ ಬಂದಷ್ಟೂ ಒಳ್ಳೆಯದಾದ ಪರೀಕ್ಷೆ ಇದೊಂದೇ ಇರಬೇಕು!

'ಎಂ' ಎಂದರೇನು?

1971ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿದ್ದ ಡಾ. ಆಡ್ರಿ ಎವಾನ್ಸ್ ಈ ಕಾಯಿಲೆಗೆ ಸ್ಟೇಜ್ ಪದ್ಧತಿ ರೂಪಿಸಿದರು. ಆಮೇಲೆ ಬೇರೆ ಪದ್ಧತಿಗಳೂ ಬಂದವು. ಬಹಳ ವರ್ಷ ಬಳಕೆಯಲ್ಲಿದ್ದ ಅಂತರರಾಷ್ಟ್ರೀಯ ಪದ್ಧತಿಯಲ್ಲಿ 1, 2, 3, 4 ಎಂಬ ಸಂಖ್ಯೆಗಳಿದ್ದವು. ಅದರಲ್ಲೊಂದು ತೊಡಕಿತ್ತು. ಗಡ್ಡೆ ಹರಡದೆ ಒಂದೇ ಕಡೆ ಇದ್ದಾಗ ಅದರ ಸ್ಟೇಜ್ ನಿರ್ಧಾರವಾಗುತ್ತಿದ್ದುದು ಆಪರೇಷನ್ ಆದ ಮೇಲೆ, ಶಸ್ತ್ರವೈದ್ಯರು ಎಷ್ಟು ತೆಗೆದರು ಎಂಬುದರ ಮೇಲೆ. ಅಂದರೆ ಅದೇ ಗಡ್ಡೆಗೆ ಒಂದು ಆಸ್ಪತ್ರೆಯಲ್ಲಿ ಒಂದು ಸ್ಟೇಜ್, ಇನ್ನೊಂದರಲ್ಲಿ ಇನ್ನೊಂದು ಸ್ಟೇಜ್ ಬರಬಹುದಿತ್ತು. ಅಳೆಯುವವರ ಕೈ ಬದಲಾದರೆ ಅಳತೆಯೇ ಬದಲಾಗುವ ಸಾಧನವನ್ನು ನಮ್ಮ ಲ್ಯಾಬಿನಲ್ಲಿ ಒಪ್ಪುತ್ತಾರೆಯೇ?

ಹಾಗಾಗಿ 2009ರಲ್ಲಿ ಐಎನ್‌ಆರ್‌ಜಿ ಎಂಬ ಅಂತರರಾಷ್ಟ್ರೀಯ ತಂಡ ಹೊಸ ಪದ್ಧತಿ ಪ್ರಕಟಿಸಿತು. ಸುಮಾರು 8,800 ಮಕ್ಕಳ ದಾಖಲೆಗಳನ್ನು ಒಟ್ಟಿಗೆ ವಿಶ್ಲೇಷಿಸಿದ ತಂಡ ಇದು. ಇಲ್ಲಿ ಸ್ಟೇಜ್ ಹೇಳುವುದು ಚಿಕಿತ್ಸೆಗೆ ಮೊದಲೇ, ಸ್ಕ್ಯಾನುಗಳನ್ನೂ ಮಜ್ಜೆಯ ಪರೀಕ್ಷೆಯನ್ನೂ ನೋಡಿ. ನಾಲ್ಕೇ ವರ್ಗ:

ಎಲ್1: ಗಡ್ಡೆ ದೇಹದ ಒಂದೇ ವಿಭಾಗದಲ್ಲಿದೆ, ಮುಖ್ಯ ಅಂಗಗಳನ್ನು ಸುತ್ತಿಕೊಂಡಿಲ್ಲ.
ಎಲ್2: ಹತ್ತಿರದಲ್ಲೇ ಇದೆ, ಆದರೆ ದೊಡ್ಡ ರಕ್ತನಾಳ, ಶ್ವಾಸನಾಳ, ಬೆನ್ನುಹುರಿಯಂಥ ಕಡೆ ಸಿಕ್ಕಿಹಾಕಿಕೊಂಡಿದೆ, ತೆಗೆಯುವುದು ಅಪಾಯ.
ಎಂ: ಮೂಳೆ, ಮಜ್ಜೆ ಮುಂತಾದ ದೂರದ ಜಾಗಗಳಿಗೆ ಹರಡಿದೆ. ಮೆಟಾಸ್ಟಾಟಿಕ್ ಎಂಬುದರ ಮೊದಲ ಅಕ್ಷರವೇ ಈ 'ಎಂ'.
ಎಂಎಸ್: ಮಗುವಿಗೆ 18 ತಿಂಗಳು ತುಂಬಿಲ್ಲ, ಹರಡಿದ್ದರೂ ಚರ್ಮ, ಲಿವರ್ ಮತ್ತು ಮಜ್ಜೆಯಲ್ಲಿ ಅಲ್ಪ ಪ್ರಮಾಣದಲ್ಲಿ ಮಾತ್ರ. 'ಎಸ್' ಅಂದರೆ ಸ್ಪೆಷಲ್.

ಸ್ಟೇಜ್ ಬೇರೆ, ರಿಸ್ಕ್ ಬೇರೆ

ಸ್ಟೇಜ್ ಹೇಳುವುದು ಕಾಯಿಲೆ ಎಲ್ಲಿದೆ ಎಂದು. ಅದು ಎಷ್ಟು ಮೊಂಡು ಎಂದು ಹೇಳುವುದು ರಿಸ್ಕ್ ಗುಂಪು. ಅದಕ್ಕೆ ವಯಸ್ಸು, ಕೋಶಗಳ ರೂಪ, ವರ್ಣತಂತುಗಳ ಏರುಪೇರು ಎಲ್ಲ ಲೆಕ್ಕಕ್ಕೆ ಬರುತ್ತವೆ. ವಯಸ್ಸಿನ ಗೆರೆ ಈಗ 18 ತಿಂಗಳು. ಬೇರೆ ಎಷ್ಟೋ ಕಾಯಿಲೆಗಳಲ್ಲಿ ಕೂಸು ಚಿಕ್ಕದಾದಷ್ಟೂ ಭಯ ಹೆಚ್ಚು. ಇಲ್ಲಿ ಚಿಕ್ಕದಾದಷ್ಟೂ ಭರವಸೆ ಹೆಚ್ಚು.

ಇನ್ನು ಎಂವೈಸಿಎನ್. ಇದು ಎರಡನೇ ವರ್ಣತಂತುವಿನಲ್ಲಿರುವ, ಕೋಶಕ್ಕೆ 'ಬೆಳೆ, ವಿಭಜಿಸು' ಎಂದು ಹೇಳುವ ಒಂದು ಜೀನ್. ಮಾಮೂಲಿ ಕೋಶದಲ್ಲಿ ಇದರ ಎರಡು ಪ್ರತಿ ಇರುತ್ತವೆ. ಸುಮಾರು ಐದರಲ್ಲಿ ಒಂದು ಗಡ್ಡೆಯಲ್ಲಿ ಇದು ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ಪ್ರತಿಗಳಾಗಿರುತ್ತದೆ. ಆಕ್ಸಿಲರೇಟರ್ ಒತ್ತಿ ಹಿಡಿದ ಹಾಗೆ. ಆ ಜೀನಿಗೆ ಹೊಳೆಯುವ ಬಣ್ಣ ಅಂಟಿಸಿ ನೋಡಿದರೆ ಎರಡು ಚುಕ್ಕಿ ಇರಬೇಕಾದಲ್ಲಿ ಚುಕ್ಕಿಗಳ ಜಾತ್ರೆಯೇ ಕಾಣುತ್ತದೆ. ಇದೇ 'ಆಂಪ್ಲಿಫೈಡ್'. ನಮ್ಮ ಎಲೆಕ್ಟ್ರಾನಿಕ್ಸ್ ಗೆಳೆಯರಿಗೆ ಪ್ರಿಯವಾದ ಪದ ಇಲ್ಲಿ ಒಳ್ಳೆಯ ಸುದ್ದಿಯಲ್ಲ.

ಅಣ್ಣನ ಮಗಳಿಗೆ 18 ತಿಂಗಳು ದಾಟಿತ್ತು, ಸ್ಟೇಜ್ ಎಂ. ಅಷ್ಟಕ್ಕೇ ಹೈ ರಿಸ್ಕ್. ಎಂವೈಸಿಎನ್ ಅದರ ಮೇಲೊಂದು.

ತಾನಾಗಿಯೇ ಕರಗುವ ಕ್ಯಾನ್ಸರ್

ಇಲ್ಲೊಂದು ಅಚ್ಚರಿಯನ್ನು ಹೇಳಲೇಬೇಕು. ಇದೇ ಕಾಯಿಲೆ ಕೆಲವು ಎಳೆಗೂಸುಗಳಲ್ಲಿ, ಮುಖ್ಯವಾಗಿ ಎಂಎಸ್ ಗುಂಪಿನಲ್ಲಿ, ಔಷಧಿಯೇ ಇಲ್ಲದೆ ಕರಗಿಹೋಗುತ್ತದೆ. ಅಂಥ ಮಕ್ಕಳನ್ನು ಆಗಾಗ ಸ್ಕ್ಯಾನ್ ಮಾಡುತ್ತಾ ಕಾದು ನೋಡುತ್ತಾರೆ, ಅಷ್ಟೇ.

ಹಾಗಾದರೆ ಎಲ್ಲ ಕೂಸುಗಳ ಮೂತ್ರ ಪರೀಕ್ಷೆ ಮಾಡಿ ಮೊದಲೇ ಹಿಡಿದುಬಿಟ್ಟರೆ? ಜಪಾನ್ ಅದನ್ನೇ ಮಾಡಿತು. 1980ರ ದಶಕದಲ್ಲಿ ದೇಶದಾದ್ಯಂತ ಆರು ತಿಂಗಳ ಕೂಸುಗಳನ್ನು ಪರೀಕ್ಷಿಸತೊಡಗಿತು. ಪತ್ತೆಯಾದ ಮಕ್ಕಳ ಸಂಖ್ಯೆ ಏರಿತು, ಅವರಲ್ಲಿ ಬಹುತೇಕ ಎಲ್ಲರೂ ಗುಣವಾದರು. ಆದರೆ 2002ರಲ್ಲಿ ಕೆನಡಾದ ಕ್ವಿಬೆಕ್ ಮತ್ತು ಜರ್ಮನಿಯ ಅಧ್ಯಯನಗಳು ಬಂದಾಗ ಸತ್ಯ ಗೊತ್ತಾಯಿತು: ಇಂಥ ತಪಾಸಣೆಯಿಂದ ಸಾವಿನ ಸಂಖ್ಯೆ ಕಡಿಮೆಯಾಗಿರಲಿಲ್ಲ. ಸಿಕ್ಕಿಬಿದ್ದವುಗಳಲ್ಲಿ ಹೆಚ್ಚಿನವು ತಾವಾಗಿಯೇ ಕರಗಬಹುದಾಗಿದ್ದ ಗಡ್ಡೆಗಳು. ನಿಜವಾದ ಮೊಂಡು ಕಾಯಿಲೆ ಆ ಬಲೆಗೆ ಸಿಗುತ್ತಿರಲಿಲ್ಲ. ಬೇಡದ ಆಪರೇಷನ್, ಬೇಡದ ಕಿಮೋ ಎಷ್ಟೋ ಕೂಸುಗಳಿಗೆ ಆಗಿತ್ತು. 2004ರ ಹೊತ್ತಿಗೆ ಜಪಾನ್ ಆ ಕಾರ್ಯಕ್ರಮ ನಿಲ್ಲಿಸಿತು. ಹೆಚ್ಚು ಪತ್ತೆಹಚ್ಚುವುದೇ ಹೆಚ್ಚು ಉಳಿಸುವುದಲ್ಲ ಎಂಬ ಪಾಠ ಡೇಟಾ ಸೈನ್ಸ್ ಓದುವ ಎಲ್ಲರಿಗೂ ಬೇಕಾದದ್ದು.

ಚಿಕಿತ್ಸೆ: ಮೂರು ಸೆಮಿಸ್ಟರಿನಷ್ಟು ಉದ್ದ

ಲೋ ರಿಸ್ಕ್ ಮಕ್ಕಳಿಗೆ ಆಪರೇಷನ್ ಮಾತ್ರ ಸಾಕಾಗಬಹುದು, ಕೆಲವರಿಗೆ ಅದೂ ಬೇಡ. ಇವರಲ್ಲಿ 95 ಶೇಕಡಾಕ್ಕೂ ಹೆಚ್ಚು ಮಂದಿ ಬದುಕುಳಿಯುತ್ತಾರೆ. ಮಧ್ಯಮ ರಿಸ್ಕ್‌ನವರಿಗೆ ಕೆಲವು ಸುತ್ತು ಕಿಮೋ ಮತ್ತು ಆಪರೇಷನ್. ಇಲ್ಲೂ ಸುಮಾರು 90 ಶೇಕಡಾ ಮಕ್ಕಳು ಉಳಿಯುತ್ತಾರೆ. ಹೈ ರಿಸ್ಕ್‌ನಲ್ಲಿ, ಪೂರ್ತಿ ಚಿಕಿತ್ಸೆ ಸಿಗುವ ದೇಶಗಳಲ್ಲೂ, ಅದು ಅರ್ಧದ ಆಸುಪಾಸು. ಈ ಅಂಕಿಯನ್ನು ಮುಚ್ಚಿಟ್ಟು ಬರೆಯುವುದು ನಮಗೆ ಸರಿ ಕಾಣಲಿಲ್ಲ.

ಹೈ ರಿಸ್ಕ್ ಚಿಕಿತ್ಸೆ ಸುಮಾರು ಒಂದೂವರೆ ವರ್ಷದ್ದು. ಮೊದಲ ಹಂತದಲ್ಲಿ ಐದಾರು ಸುತ್ತು ಕಿಮೋ: ಸಿಸ್‌ಪ್ಲಾಟಿನ್, ಎಟೊಪೊಸೈಡ್, ಸೈಕ್ಲೋಫಾಸ್ಫಮೈಡ್, ವಿನ್‌ಕ್ರಿಸ್ಟಿನ್, ಡಾಕ್ಸೊರುಬಿಸಿನ್ ಮುಂತಾದವು. ಇದೇ ಹಂತದಲ್ಲಿ ಮಗುವಿನ ರಕ್ತದಿಂದಲೇ ಕಾಂಡಕೋಶಗಳನ್ನು ಸೋಸಿ ತೆಗೆದು ಶೈತ್ಯದಲ್ಲಿ ಇಡುತ್ತಾರೆ. ಗಡ್ಡೆ ಕುಗ್ಗಿದ ಮೇಲೆ ಆಪರೇಷನ್.

ಎರಡನೇ ಹಂತದಲ್ಲಿ ಮಜ್ಜೆಯೇ ನಾಶವಾಗುವಷ್ಟು ದೊಡ್ಡ ಪ್ರಮಾಣದ ಕಿಮೋ ಕೊಟ್ಟು, ಆಮೇಲೆ ತೆಗೆದಿಟ್ಟ ಕಾಂಡಕೋಶಗಳನ್ನು ವಾಪಸ್ ಹಾಕುತ್ತಾರೆ. ಡಿಸ್ಕ್ ಫಾರ್ಮ್ಯಾಟ್ ಮಾಡಿ ಬ್ಯಾಕಪ್ ಹಾಕಿದಂತೆ ಎಂದು ನಾವು ಅಣ್ಣನಿಗೆ ಹೇಳಹೋದೆವು. "ಹೊಲಾ ಸುಟ್ಟು ಮತ್ತ ಬೀಜಾ ಹಾಕಿದಂಗ ಅನ್ರಿ" ಅಂದರು. ಅವರ ಹೋಲಿಕೆಯೇ ಚೆನ್ನಾಗಿದೆ. ಬೀಜ ಮೊಳೆಯಲು ಹಿಡಿಯುವ ಎರಡು ವಾರದ ಆಸುಪಾಸು ಮಗುವಿಗೆ ರೋಗನಿರೋಧಕ ಶಕ್ತಿ ಇರುವುದಿಲ್ಲ, ಪ್ಲೇಟ್ಲೆಟ್ ಇರುವುದಿಲ್ಲ. ಬಳಿಕ ಗಡ್ಡೆ ಇದ್ದ ಜಾಗಕ್ಕೆ ವಿಕಿರಣ.

ಮೂರನೇ ಹಂತ ಉಳಿದ ಚೂರುಪಾರನ್ನು ಗುಡಿಸುವುದು. ಈ ಕೋಶಗಳ ಮೈಮೇಲೆ ಜಿಡಿ2 ಎಂಬ ಗುರುತು ಇರುತ್ತದೆ. ಅದನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯವೇ ಡೈನುಟುಕ್ಸಿಮಾಬ್. 2010ರಲ್ಲಿ ಪ್ರಕಟವಾದ 226 ಮಕ್ಕಳ ಅಧ್ಯಯನದಲ್ಲಿ, ಎರಡು ವರ್ಷದ ನಂತರ ಕಾಯಿಲೆ ಮರುಕಳಿಸದೆ ಇದ್ದವರು ಈ ಚಿಕಿತ್ಸೆ ಸಿಕ್ಕವರಲ್ಲಿ 66 ಶೇಕಡಾ, ಸಿಗದವರಲ್ಲಿ 46 ಶೇಕಡಾ. ಅಮೆರಿಕದಲ್ಲಿ 2015ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ನೋವಿನ ನರಗಳ ಮೇಲೂ ಜಿಡಿ2 ಇರುವುದರಿಂದ ಔಷಧಿ ಹೋಗುವಾಗ ತೀವ್ರ ನೋವಾಗುತ್ತದೆ, ಮಾರ್ಫಿನ್ ಜೊತೆಗೇ ಕೊಡಬೇಕು. ನಮ್ಮ ದೇಶದ ಬಹುಪಾಲು ಕುಟುಂಬಗಳಿಗೆ ಇದರ ಬೆಲೆ ಕೈಗೆಟುಕದು.

ಇದರ ಜೊತೆಗೆ ಐಸೊಟ್ರೆಟಿನಾಯಿನ್ ಮಾತ್ರೆ. ಹೌದು, ಮೊಡವೆಗೆ ಕೊಡುವ ಅದೇ ಮಾತ್ರೆ! ಇದು ಕೋಶಗಳನ್ನು ಕೊಲ್ಲುವುದಕ್ಕಿಂತ ಬಲಿಯುವಂತೆ ಮಾಡುತ್ತದೆ. ಬಲಿಯುವುದನ್ನು ಮರೆತ ಕೋಶಕ್ಕೆ ಪಾಠ ನೆನಪಿಸಿದಂತೆ.

ಇಷ್ಟೆಲ್ಲದರ ಬೆಲೆಯೂ ಇದೆ. ಸಿಸ್‌ಪ್ಲಾಟಿನ್‌ನಿಂದ ಶ್ರವಣಶಕ್ತಿ ಕುಂದಬಹುದು, ಡಾಕ್ಸೊರುಬಿಸಿನ್ ಹೃದಯಕ್ಕೆ ತೊಂದರೆ ಕೊಡಬಹುದು. ಗುಣವಾದ ಮಕ್ಕಳನ್ನೂ ವರ್ಷಗಟ್ಟಲೆ ಪರೀಕ್ಷಿಸುತ್ತಿರಬೇಕು.

ಎರಡನೇ ಸುತ್ತಿನ ನಂತರ

ಎರಡು ಸುತ್ತು ಕಿಮೋ ಮುಗಿದಾಗ ಮಗು ನಗತೊಡಗಿತು. ಹೊಟ್ಟೆ ಇಳಿಯಿತು, ಕಾಲುನೋವು ಹೋಯಿತು. ಒಂದು ಸಂಜೆ ಅಣ್ಣ ಮೆಸ್ಸಿನ ಹಿಂಬಾಗಿಲಲ್ಲಿ ನಿಂತು ಹೇಳಿದರು: "ಆರಾಮ ಆಗ್ಯಾಳ್ರಿ. ಊರಿಗೆ ಕರ್ಕೊಂಡು ಹೋಗೂಣು ಅಂತ ಮಾಡೇವಿ. ಸಾಲಾ ಭಾಳ ಆಗೇತಿ."

ನಮ್ಮ ಓದು ಉಪಯೋಗಕ್ಕೆ ಬಂದದ್ದು ಅವತ್ತೇ. ಹೊಟ್ಟೆ ಇಳಿದರೂ ಮೂಳೆ, ಮಜ್ಜೆಯಲ್ಲಿ ಕೋಶಗಳು ಉಳಿದಿರುತ್ತವೆ, ಹೈ ರಿಸ್ಕ್ ಅಂದರೆ ಅದು ತಿರುಗಿ ಬರುವ ಕಾಯಿಲೆ, ತಿರುಗಿ ಬಂದರೆ ಮೊದಲಿನಷ್ಟು ಸುಲಭವಾಗಿ ಬಗ್ಗುವುದಿಲ್ಲ ಎಂದು ಪೇಪರಿನ ಮೇಲೆ ಚಿತ್ರ ಬರೆದು ತೋರಿಸಿದೆವು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ನಮ್ಮಂಥ ದೇಶಗಳಲ್ಲಿ ಮಕ್ಕಳ ಕ್ಯಾನ್ಸರಿನ ಸಾವುಗಳಿಗೆ ದೊಡ್ಡ ಕಾರಣಗಳಲ್ಲೊಂದು. ಅದಕ್ಕೆ ಕಾರಣ ಅಜ್ಞಾನವೊಂದೇ ಅಲ್ಲ. ಬಸ್ ಚಾರ್ಜು, ಬಾಡಿಗೆ ಕೋಣೆ, ಹೋದ ಕೂಲಿ. ಮರುದಿನ ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಹತ್ತಿರ ಜೊತೆಗೆ ಹೋದೆವು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾಗದಪತ್ರಗಳಲ್ಲಿ ಒಂದು ಬಾಕಿ ಇತ್ತು, ಅದು ಮುಗಿಯಿತು. ನಾವು ಮಾಡಿದ್ದು ಫಾರ್ಮ್ ತುಂಬಿಸಿದ್ದು, ಅಷ್ಟೇ.

ಈ ಲೇಖನ ಬರೆಯುವ ಹೊತ್ತಿಗೆ ನಾಲ್ಕನೇ ಸುತ್ತು ನಡೆದಿದೆ. ಮುಂದೇನು ಅಂತ ಹೇಳುವ ಶಕ್ತಿ ನಮಗಿಲ್ಲ. ಆದರೆ ಕಾಂಡಕೋಶದ ಹಂತ ಬಂದಾಗ ಪ್ಲೇಟ್ಲೆಟ್ ಬಹಳ ಬೇಕಾಗುತ್ತದೆ ಎಂದು ಗೊತ್ತು. ಸಂಗ್ರಹಿಸಿದ ಪ್ಲೇಟ್ಲೆಟ್ ಐದೇ ದಿನ ಉಳಿಯುವುದು, ಹಾಗಾಗಿ ಮೊದಲೇ ಕೂಡಿಡಲು ಆಗುವುದಿಲ್ಲ. ಬೇಕಾದಾಗ ಜನವೇ ಬೇಕು. ನಿಮಗೆ 18 ತುಂಬಿ, ತೂಕ 50 ಕೆಜಿ ದಾಟಿದ್ದರೆ ಕೊಡಬಹುದು. ಒಂದೂವರೆ ಗಂಟೆಯ ಕೆಲಸ. ಹಿಂದಿನ ಮೂರು ದಿನ ಆಸ್ಪಿರಿನ್ ತಗೊಂಡಿರಬಾರದು, ಚೆನ್ನಾಗಿ ಊಟ ಮಾಡಿ ಹೋಗಬೇಕು.

ಸಂಘದ ಕೋಣೆಯ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ್ದೇವೆ: ಹೆಸರು, ಬ್ರಾಂಚ್, ರಕ್ತದ ಗುಂಪು. ಈವರೆಗೆ 31 ಹೆಸರು ಬಂದಿವೆ. ಮುಂದಿನ ಸಲ ಮೆಸೇಜ್ ಬಂದಾಗ ಇಮೋಜಿ ಹಾಕುವ ಮೊದಲು ಆ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ನೋಡಿ.